ಹಬ್ಬದ ಕಥೆಗೆ ಸಕ್ಕರೆ ಬೇಡ

ಡಿಸೆಂಬರ್ ಬಂತು. ಕ್ರಿಸ್‌ಮಸ್ ಕಥೆಗಳ ಮೇಲೊಂದು ಅಂಕಣ ಬರೆಯುವುದು ನನ್ನ ಹಳೆಯ ಚಟ. ಅದನ್ನು ಓದಿ ತಕರಾರು ತೆಗೆಯುವುದು ನಿಮ್ಮಲ್ಲಿ ಕೆಲವರ ಚಟ. ಶಿರವಾಳದ ಹಳೆಯ ಗುಡಿಗಳ ನಡುವೆ ಕೂತು, ಹಿಮ ಬೀಳುವ ದೇಶದ ಹಬ್ಬದ ಕಥೆ ಓದುವ ಉಸಾಬರಿ ಯಾಕೆ ಎಂಬುದು ಒಂದು ತಕರಾರು. ಅವೆಲ್ಲ ಮಕ್ಕಳ ಕಥೆ, ಬೆಳೆದವರು ಓದುವಂಥದ್ದು ಅದರಲ್ಲೇನಿದೆ ಎಂಬುದು ಇನ್ನೊಂದು. ದೊಡ್ಡವರಿಗೆಂದೇ ಇರುವ ಕ್ರಿಸ್‌ಮಸ್ ಕಥೆಗಳ ಪಟ್ಟಿ ಕೊಡುತ್ತೇನೆಂದು ಹೋದ ವಾರ ಹೇಳಿದ್ದೆ. ಕೊಡುತ್ತೇನೆ. ಅದಕ್ಕೆ ಮುಂಚೆ ಈ ತಕರಾರು ತೀರಲಿ.

ಮೊದಲನೆಯದಕ್ಕೆ ಉತ್ತರ ನಮ್ಮ ಮಗ್ಗುಲಲ್ಲೇ ಇದೆ. 1843ರ ಡಿಸೆಂಬರ್ 19ರಂದು ಲಂಡನ್ನಿನಲ್ಲಿ ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ ಪ್ರಕಟವಾಯಿತು. ಕನ್ನಡಕ್ಕೂ ಅದು ಮರೆಯುವ ವರ್ಷವಲ್ಲ. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಮೋಗ್ಲಿಂಗನ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತ್ತು. ಆ ಹೊತ್ತಿಗೆ ನಮ್ಮ ಸುರಪುರದಲ್ಲಿ ಪೊಲಿಟಿಕಲ್ ಏಜೆಂಟ್ ಆಗಿದ್ದವನು ಫಿಲಿಪ್ ಮೆಡೋಸ್ ಟೇಲರ್. ಬಾಲಕ ರಾಜ ವೆಂಕಟಪ್ಪ ನಾಯಕನ ಸಂಸ್ಥಾನ ನೋಡಿಕೊಳ್ಳಲು 1841ರಲ್ಲಿ ಬಂದ ಈ ಅಧಿಕಾರಿ ಅಷ್ಟರಲ್ಲಾಗಲೇ ಹೆಸರುವಾಸಿ ಕಾದಂಬರಿಕಾರ. 1839ರಲ್ಲಿ ಬಂದ ಅವನ ‘ಕನ್ಫೆಶನ್ಸ್ ಆಫ್ ಎ ಥಗ್’ ಕಾದಂಬರಿಗಾಗಿ ವಿಕ್ಟೋರಿಯಾ ರಾಣಿಗೆ ಎಷ್ಟು ಆತುರವಿತ್ತೆಂದರೆ ಅಚ್ಚಿನ ಕರಡನ್ನೇ ತರಿಸಿಕೊಂಡು ಓದಿದಳಂತೆ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಲು ಹೋಗುವವರು ಆ ಮನೆಯ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಆತ ಬರೆದ ಪುಸ್ತಕ ಓದಿಕೊಂಡು ಹೋಗುವವರು ಕಡಿಮೆ.

ಓದಿದರೆ ಒಂದು ಮಜಾ ಸಿಗುತ್ತದೆ. ಆ ಕಾದಂಬರಿಯ ಠಕ್ಕರಿಗೂ ಹಬ್ಬವುಂಟು. ದಸರೆ ಬಂದರೆ ಅವರಿಗೆ ಪೂಜೆ, ಶಕುನ, ಹೊಸಬರಿಗೆ ದೀಕ್ಷೆ; ಆಮೇಲೆ ದಾರಿಹೋಕರ ಕೊರಳಿಗೆ ರುಮಾಲು. ಹಬ್ಬಕ್ಕೂ ಕೊಲೆಗೂ ಗಂಟು ಹಾಕಿದರೆ ಓದುಗ ಪುಟದಿಂದ ಕಣ್ಣು ಕೀಳುವುದಿಲ್ಲ ಎಂಬುದು ಟೇಲರ್ ಸಾಹೇಬನಿಗೆ ತಿಳಿದಿತ್ತು. ನೂರು ವರ್ಷದ ಬಳಿಕ, 1938ರಲ್ಲಿ, ಅಗಾಥಾ ಕ್ರಿಸ್ಟಿ ‘ಹರ್ಕ್ಯೂಲ್ ಪಾಯ್ರೊಸ್ ಕ್ರಿಸ್‌ಮಸ್’ ಬರೆದಳು. ನಿನ್ನ ಕೊಲೆಗಳು ತೀರ ನಾಜೂಕಾಗುತ್ತಿವೆ, ರಕ್ತ ಹರಿಯುವಂಥ ಒಂದು ಕೊಲೆ ಬರೆ ಎಂದು ಅಕ್ಕನ ಗಂಡ ತಗಾದೆ ಮಾಡಿದ್ದಕ್ಕೆ ಆ ಕಾದಂಬರಿಯನ್ನು ಅವನಿಗೇ ಅರ್ಪಿಸಿದಳು. ಮಕ್ಕಳ ಕಥೆಯಂತೆ! ಹಬ್ಬದ ಹಿಂದಿನ ರಾತ್ರಿ ಮುದಿ ಸಾಹುಕಾರ ತನ್ನ ಕೋಣೆಯಲ್ಲಿ ಕತ್ತು ಕೊಯ್ದು ಬಿದ್ದಿದ್ದಾನೆ. ಆಸ್ತಿಯ ಆಸೆಗೆ ಬಂದ ಮಕ್ಕಳು ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಹಬ್ಬಕ್ಕೆ ಅಣ್ಣತಮ್ಮಂದಿರೆಲ್ಲ ಕೂಡಿದ ಮನೆಯಲ್ಲಿ ಊಟ ಮುಗಿಯುವ ಮುಂಚೆ ಹೊಲದ ಪಾಲಿನ ಮಾತೆತ್ತಿದರೆ ಏನಾಗುತ್ತದೆಂದು ಕಂಡವರಿಗೆ ಈ ಕಾದಂಬರಿ ಪರದೇಶದ್ದೆಂದು ಅನಿಸಲಾರದು.

ಈಗ ನನ್ನ ಹಳೆಯ ಜಗಳಕ್ಕೆ ಬರುತ್ತೇನೆ. ಕ್ರಿಸ್‌ಮಸ್ ಕಥೆಗೆ ಕೆಟ್ಟ ಹೆಸರು ತಂದವರು ಸಿಹಿ ಪಂಥದವರು. ಅವರ ಪುಸ್ತಕಗಳ ರಕ್ಷಾಪುಟ ಕೆಂಪು ಹಸಿರು. ಒಳಗೆ ಬೇಕರಿ ಇಟ್ಟ ಹುಡುಗಿ, ದೊಡ್ಡ ಊರಿನಿಂದ ಬಂದ ಸಿಡುಕ ಹುಡುಗ, ಕೊನೆಯ ಅಧ್ಯಾಯದಲ್ಲಿ ತಪ್ಪದೆ ಬೀಳುವ ಹಿಮ. ಅಲ್ಲಿ ಯಾರಿಗೂ ಬಾಡಿಗೆ ಬಾಕಿ ಇರುವುದಿಲ್ಲ. ಅದನ್ನು ತೋರಿಸಿ ಹಬ್ಬದ ಕಥೆ ಅಂದರೆ ಇಷ್ಟೇ ಎಂದು ಮೂಗು ಮುರಿಯುವ ಗಂಭೀರ ಪಂಥದವರದು ಇನ್ನೊಂದು ಕೇಡು. ಇಬ್ಬರೂ ಮೂಲ ಓದಿಲ್ಲ.

ಡಿಕನ್ಸನನ್ನೇ ನೋಡಿ. ಗಣಿ, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಕುರಿತ ಸರ್ಕಾರಿ ವರದಿ ಓದಿ ಅವನ ತಲೆ ಕೆಟ್ಟಿತ್ತು. ಬಡವರ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯುವೆನೆಂದು ಹೊರಟವನು ಅದನ್ನು ಬಿಟ್ಟು ಆರು ವಾರದಲ್ಲಿ ಈ ಕಥೆ ಬರೆದ. ಐದು ಶಿಲಿಂಗ್ ಬೆಲೆಯ 6,000 ಪ್ರತಿ ಹಬ್ಬದೊಳಗೆ ಖರ್ಚಾದವು. ಬಣ್ಣದ ಚಿತ್ರ, ಒಳ್ಳೆಯ ಬೈಂಡಿಂಗ್ ಎಂದು ಹಟ ಹಿಡಿದದ್ದರಿಂದ ಅವನ ಕೈಗೆ ಹತ್ತಿದ್ದು ಮಾತ್ರ ಅಷ್ಟಕ್ಕಷ್ಟೆ. ಕಥೆ ಶುರುವಾಗುವುದು ಲೇವಾದೇವಿಯವನ ಕಚೇರಿಯಲ್ಲಿ, ಗುಮಾಸ್ತನ ಸಂಬಳ ವಾರಕ್ಕೆ 15 ಶಿಲಿಂಗ್. ಓ. ಹೆನ್ರಿಯ ‘ದಿ ಗಿಫ್ಟ್ ಆಫ್ ದಿ ಮೇಜೈ’ (1905) ಕಥೆಯನ್ನು ಸಿಹಿ ಪಂಥದವರು ತಮ್ಮದೆಂದು ಎತ್ತಿಕೊಂಡು ತಿರುಗುತ್ತಾರೆ. ಅದರ ಮೊದಲ ಸಾಲಲ್ಲೇ ಡೆಲ್ಲಾಳ ಹತ್ತಿರ ಇರುವ ದುಡ್ಡು ಎಷ್ಟೆಂದು ಎಣಿಸಿ ಹೇಳಿದೆ: ಒಂದು ಡಾಲರ್ 87 ಸೆಂಟು. ದೊಡ್ಡವರ ಕ್ರಿಸ್‌ಮಸ್ ಕಥೆಗೆ ನನ್ನ ಪರೀಕ್ಷೆ ಇದೊಂದೇ: ಅದರಲ್ಲಿ ರೊಕ್ಕದ ಲೆಕ್ಕ ಇರಬೇಕು, ಎಲೆಯ ಮುಂದೆ ಯಾರೋ ಒಬ್ಬರು ಕಡಿಮೆ ಇರಬೇಕು.

ಈ ಪರೀಕ್ಷೆಯಲ್ಲಿ ಮೊದಲ ನಂಬರು ಚೆಕಾಫ್‌ಗೆ. ಎಲ್ಲರೂ ಹೇಳುವುದು ಅವನ ‘ವಾಂಕಾ’ ಕಥೆಯನ್ನು, ಅಜ್ಜನಿಗೆ ಕಾಗದ ಬರೆಯುವ ಹುಡುಗನನ್ನು. ನನ್ನ ಮೆಚ್ಚು 1900ರಲ್ಲಿ ಬಂದ ಇನ್ನೊಂದು ಕಥೆ, ಇಂಗ್ಲಿಷಿನಲ್ಲಿ ‘ಅಟ್ ಕ್ರಿಸ್‌ಮಸ್ ಟೈಮ್’. ಇದರಲ್ಲೂ ಕಾಗದವೇ. ವಸಿಲೀಸಾ ಎಂಬ ಹಳ್ಳಿ ಮುದುಕಿಯ ಮಗಳು ಯೆಫೀಮ್ಯಾ ಮದುವೆಯಾಗಿ ಪೀಟರ್ಸ್‌ಬರ್ಗಿಗೆ ಹೋಗಿ ನಾಲ್ಕು ವರ್ಷ. ಮೊದಮೊದಲು ಎರಡು ಕಾಗದ ಬಂದವು, ಆಮೇಲೆ ಸುದ್ದಿ ಇಲ್ಲ. ಮುದುಕಿಗೆ ಅಕ್ಷರ ಬಾರದು, ಮುದುಕನಿಗೂ ಬಾರದು. ಹೆಂಡದಂಗಡಿ ಯಜಮಾನಿಯ ತಮ್ಮ ಯೆಗೋರ್, ಪಲ್ಟನ್ನಿನಿಂದ ಬಂದು ಕೆಲಸವಿಲ್ಲದೆ ಕೂತವನು, 15 ಕೊಪೆಕ್‌ಗೆ ಕಾಗದ ಬರೆಯಲು ಒಪ್ಪುತ್ತಾನೆ. ಏನು ಬರೆಯಲಿ ಎನ್ನುತ್ತಾನೆ. ಅಳಿಯನಿಗೆ, ಮಗಳಿಗೆ ಆಶೀರ್ವಾದ ಬರೆಸಿ ಮುದುಕಿ ನಿಂತುಬಿಡುತ್ತಾಳೆ. ರಾತ್ರಿ ಮಲಗಿದಾಗ ಹತ್ತು ಕಾಗದಕ್ಕೆ ಆಗುವಷ್ಟು ಮಾತು ತಲೆಯಲ್ಲಿತ್ತು. ಈಗ ಒಂದೂ ಬಾಯಿಗೆ ಬರದು. ಅಳಿಯ ಏನು ಮಾಡುತ್ತಾನೆಂದು ಯೆಗೋರ್ ಕೇಳುತ್ತಾನೆ. ಮೊದಲು ಸಿಪಾಯಿ, ಈಗ ಡಾಕ್ಟರ ಕಡೆ ಬಾಗಿಲು ಕಾಯುವವ. ಸಿಪಾಯಿ ಅಂದದ್ದೇ ತಡ, ಯೆಗೋರನ ಪೆನ್ನು ಓಡತೊಡಗುತ್ತದೆ: ಪಲ್ಟನ್ನಿನ ಕಾನೂನು, ಶಿಸ್ತು, ಶಿಕ್ಷೆ. ಮುದುಕಿ ಹೇಳಬೇಕೆಂದದ್ದು ಊರಿನ ಬಡತನ, ಅಭಾವ. ಕಾಗದದ ತುಂಬ ಬೂಟಿನ ಸದ್ದು. ಓದಿ ಹೇಳಿದಾಗ ಮುದುಕ ಏನೂ ತಿಳಿಯದೆ, ನಂಬಿಕೆಯಿಂದ ತಲೆಯಾಡಿಸುತ್ತಾನೆ. ಮರುದಿನ ನಸುಕಿನಲ್ಲಿ ಮುದುಕಿ ಅದನ್ನು ಅಂಚೆಗೆ ಹಾಕಲು ನಡೆದು ಹೋಗುತ್ತಾಳೆ.

ಚೆಕಾಫ್ ಇಲ್ಲಿಗೇ ನಿಲ್ಲಿಸಿದ್ದರೆ ಇದು ಒಳ್ಳೆಯ ಕಥೆ. ಅವನು ನಮ್ಮನ್ನು ಪೀಟರ್ಸ್‌ಬರ್ಗಿಗೆ ಕರೆದೊಯ್ಯುತ್ತಾನೆ. ಮಗಳು ಮೂರು ಮಕ್ಕಳ ತಾಯಿ. ಗಂಡ ತಂದುಕೊಟ್ಟ ಕಾಗದ ಬಿಚ್ಚಿ ಮೊದಲ ಸಾಲು ಓದುತ್ತಾಳೆ, ಮುಂದೆ ಓದಲಾಗದು. ಪಲ್ಟನ್ನಿನ ಕಾನೂನನ್ನು ಆಕೆ ನೋಡುವುದೇ ಇಲ್ಲ. ಅವ್ವ ಅಪ್ಪ ಬದುಕಿದ್ದಾರೆ ಎಂದಷ್ಟು ಸಾಕು. ಮಕ್ಕಳನ್ನು ತಬ್ಬಿಕೊಂಡು ಅಜ್ಜ, ಅಜ್ಜಿ, ಊರಿನ ಹಿಮ, ನಾಯಿ ಎಲ್ಲವನ್ನೂ ಹೇಳುತ್ತಾ ಅಳುತ್ತಾಳೆ. ಊರಿಗೆ ಹಾಕೆಂದು ಮೂರು ನಾಲ್ಕು ಸಲ ಆಕೆ ಕಾಗದ ಕೊಟ್ಟದ್ದು, ತಾನು ಹಾಕದೆ ಉಳಿದದ್ದು ಗಂಡನಿಗೆ ಆಗ ನೆನಪಾಗುತ್ತದೆ. ನೆನಪಾಗುತ್ತದೆ ಅಷ್ಟೆ. ಅವನ ಹೆಜ್ಜೆಯ ಸಪ್ಪಳ ಕೇಳಿದರೆ ಆಕೆಗೆ ಬಾಯಿ ಕಟ್ಟುತ್ತದೆ. ಕದ ತೆರೆಯುವ ಕೆಲಸ ಕರೆಯುತ್ತದೆ, ಅವನು ಹೋಗುತ್ತಾನೆ. ಯಾರ ಮೇಲೂ ದೋಷಾರೋಪಣೆ ಇಲ್ಲ, ಯಾರಿಗೂ ಕ್ಷಮೆಯೂ ಇಲ್ಲ. ಐದಾರು ಪುಟದಲ್ಲಿ ಮುಗಿಯುತ್ತದೆ.

ಈ ಕಥೆ ಓದಲು ಹಿಮ ಕಂಡಿರಬೇಕಾಗಿಲ್ಲ, ಗುಳೆ ಕಂಡಿದ್ದರೆ ಸಾಕು. ಶಹಾಪುರ, ಸುರಪುರ, ಯಾದಗಿರಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುವ ಬಸ್ಸುಗಳನ್ನು ನೋಡಿದವರು ವಸಿಲೀಸಾಳನ್ನು ಬಲ್ಲರು. ಹೋದ ಎಳ್ಳಮಾಸಿಯ ದಿನ ಹೊಲದಲ್ಲಿ ಒಬ್ಬಾಕೆ ಮೊಬೈಲನ್ನು ಭಜ್ಜಿಯ ಗಡಿಗೆಯ ಮೇಲೆ ಬಗ್ಗಿಸಿ ಹಿಡಿದು ಮಗಳಿಗೆ ತೋರಿಸುತ್ತಿದ್ದಳು. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಒಂದೊಂದಾಗಿ ಮುಂದೆ ಬಂದವು. “ಕಾಣಕತ್ತದೇನವ್ವಾ?” ಎಂದಳು. ಆ ಕಡೆಯಿಂದ, “ಭಜ್ಜಿ ಎಲ್ಲಿ ಕಾಣತದಬೇ, ನಿನ್ನ ಹೆಬ್ಬೆಟ್ಟು ಕಾಣಕತ್ತದ” ಎಂಬ ಉತ್ತರ. ಸುತ್ತ ಇದ್ದವರೆಲ್ಲ ನಕ್ಕರು, ತಾಯಿಯೂ ನಕ್ಕಳು. ನೆಟ್‌ವರ್ಕ್ ಹೋಯಿತು. ಚರಗ ಚೆಲ್ಲುವ ಹೊತ್ತಾಯಿತೆಂದು ಗಂಡಸರು ಜೋಳದ ಬೆಳೆಯೊಳಗೆ ಇಳಿದರು.

ಇದನ್ನು ಕಥೆಯಾಗಿ ಬರೆದವರು ಯಾರು? ನಮ್ಮಲ್ಲಿ ಹಬ್ಬಕ್ಕೆ ಕಥೆ ಅಚ್ಚಾಗುವ ಪದ್ಧತಿ ಚೆನ್ನಾಗಿಯೇ ಇದೆ. ಮರಾಠಿಯಲ್ಲಿ ಕಾಶೀನಾಥ ರಘುನಾಥ ಮಿತ್ರ 1909ರಲ್ಲಿ ‘ಮನೋರಂಜನ’ದ ದೀಪಾವಳಿ ಸಂಚಿಕೆ ತಂದದ್ದು ಇಂಗ್ಲಿಷರ ಕ್ರಿಸ್‌ಮಸ್ ಸಂಚಿಕೆಗಳನ್ನು ನೋಡಿ ಎನ್ನುತ್ತಾರೆ. ಕನ್ನಡದಲ್ಲೂ ದೀಪಾವಳಿ, ಯುಗಾದಿ ವಿಶೇಷಾಂಕಗಳಿಗಾಗಿ ಕಾದು ಕೂತು ಓದುವ ಒಂದು ಪೀಳಿಗೆ ಬೆಳೆಯಿತು, ಕಥಾಸ್ಪರ್ಧೆಗಳಿಂದ ಎಷ್ಟೋ ಲೇಖಕರು ಬಂದರು. ಆದರೆ ಆ ವಿಶೇಷಾಂಕ ತಿರುವಿ ನೋಡಿ: ಪಾಕವಿಧಾನದಲ್ಲಿ ಹಬ್ಬ ಇರುತ್ತದೆ, ಜಾಹೀರಾತಿನಲ್ಲಿ ಇರುತ್ತದೆ, ಕಥೆಯಲ್ಲಿ ಹುಡುಕಬೇಕು. ಕರಾವಳಿಯ ಕೊಂಕಣಿಗರು ಈ ಬಾಬತ್ತಿನಲ್ಲಿ ಜಾಣರು. 1938ರಿಂದ ನಡೆದುಬಂದ ಮಂಗಳೂರಿನ ‘ರಾಕ್ಣೊ’ದಂಥ ಪತ್ರಿಕೆ, ಕನ್ನಡ ಲಿಪಿಯಲ್ಲೇ, ಅವರ ಹಬ್ಬ-ಹುಣ್ಣಿಮೆಯ ಬದುಕಿಗೆ ಜಾಗ ಕೊಟ್ಟಿದೆ. ಕನ್ನಡದಲ್ಲಿ ಕ್ರೈಸ್ತರ ಮನೆಯೊಳಗನ್ನು ಬಲ್ಲ ಬರಹ ಬೇಕೆಂದರೆ ನಾ. ಡಿಸೋಜರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ತೆಗೆಯಿರಿ. 2014ರಲ್ಲಿ ಮಡಿಕೇರಿ ಸಮ್ಮೇಳನದ ಅಧ್ಯಕ್ಷರಾಗಿದ್ದ ಆ ಹಿರಿಯರು 2025ರ ಜನವರಿಯಲ್ಲಿ ತೀರಿಕೊಂಡರು. ಇಗರ್ಜಿಯ ಜನರನ್ನು ಪೂಜ್ಯರೂ ಮಾಡದೆ ಪರಕೀಯರೂ ಮಾಡದೆ ನೆರೆಮನೆಯವರಂತೆ ಬರೆದವರು ಅವರು.

ಪಟ್ಟಿ ಎಲ್ಲಿ ಎನ್ನಬೇಡಿ, ಅರ್ಧ ಆಗಲೇ ಕೊಟ್ಟಿದ್ದೇನೆ. ಉಳಿದದ್ದು ಎರಡು. ಕಾನನ್ ಡಾಯ್ಲ್ 1892ರಲ್ಲಿ ಬರೆದ ‘ದಿ ಬ್ಲೂ ಕಾರ್ಬಂಕಲ್’: ಹಬ್ಬದ ಬಾತುಕೋಳಿಯ ಹೊಟ್ಟೆಯಲ್ಲಿ ಕದ್ದ ಹರಳು, ಹಿಡಿದ ಕಳ್ಳನನ್ನು ಬಿಟ್ಟುಕಳಿಸುವ ಹೋಮ್ಸ್. ಇನ್ನೊಂದು ಕ್ಲೇರ್ ಕೀಗನ್ 2021ರಲ್ಲಿ ಬರೆದ ‘ಸ್ಮಾಲ್ ಥಿಂಗ್ಸ್ ಲೈಕ್ ದೀಸ್’. 1985ರ ಕ್ರಿಸ್‌ಮಸ್, ಐರ್ಲೆಂಡಿನ ಸಣ್ಣ ಊರು, ಕಲ್ಲಿದ್ದಲು ಮಾರುವ ಫರ್ಲಾಂಗ್. ಕಾನ್ವೆಂಟಿಗೆ ಸರಕು ಹಾಕಲು ಹೋದಾಗ ಕಲ್ಲಿದ್ದಲ ಕೋಣೆಯಲ್ಲಿ ಕೂಡಿಹಾಕಿದ ಹುಡುಗಿ ಸಿಗುತ್ತಾಳೆ. ಊರಿಗೆಲ್ಲ ಗೊತ್ತಿದೆ, ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ಅವನ ಹೆಣ್ಣುಮಕ್ಕಳ ಶಾಲೆಗೆ, ವ್ಯಾಪಾರಕ್ಕೆ ಕುತ್ತು. ನೂರು ಚಿಲ್ಲರೆ ಪುಟದ ಈ ಪುಸ್ತಕ 2022ರ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ನನ್ನ ಎರಡೂ ಷರತ್ತು ಇದರಲ್ಲಿ ತೀರುತ್ತವೆ.

ಕೊನೆಗೆ ನಮ್ಮ ಮೂರು ತಾಲೂಕಿನ ಬರೆಯುವ ಹುಡುಗ ಹುಡುಗಿಯರಿಗೆ ಒಂದು ಮಾತು. ದೊಡ್ಡವರು ಓದುವಂಥ ಎಳ್ಳಮಾಸಿಯ ಕಥೆಯೊಂದನ್ನು ಬರೆಯಿರಿ. ಕೂಲಿ ಎಷ್ಟು, ಮುಂಗಡ ಎಷ್ಟು, ಊರಿಗೆ ಬರಲು ಬಸ್ ಚಾರ್ಜು ಎಷ್ಟು ಎಂಬುದು ಅದರಲ್ಲಿ ಬರಲಿ. ಬರಲಾಗದವರ ಹೆಸರೂ ಬರಲಿ. ಹೋಳಿಗೆ ಎಷ್ಟು ಬೇಕಾದರೂ ಇರಲಿ, ಸಕ್ಕರೆ ಮಾತು ಬೇಡ. ಪತ್ರಿಕೆಗೆ ಕಳಿಸಿ. ಒಳ್ಳೆಯದಿದ್ದರೆ ಮುಂದಿನ ಡಿಸೆಂಬರಿನ ಅಂಕಣದಲ್ಲಿ ಡಿಕನ್ಸ್, ಚೆಕಾಫರನ್ನು ಪಕ್ಕಕ್ಕಿಟ್ಟು ನಿಮ್ಮ ಕಥೆಯ ಬಗ್ಗೆಯೇ ಬರೆಯುತ್ತೇನೆ.