ಮಾಧುರ್ಯದ ಮೇಲಿನ ಆಪಾದನೆ

ಅಮೆರಿಕದ ಗಿಟಾರುವಾದಕ ಜಾರ್ಜ್ ಬೆನ್ಸನ್ನನನ್ನು ಕುರಿತು ಜಾಝ್ ವಿಮರ್ಶಕರಲ್ಲಿ ಬಹುಕಾಲದಿಂದ ಒಂದು ಮಾತು ನಡೆದುಬಂದಿದೆ. ೧೯೭೬ರವರೆಗೆ ಆತ ಕಲಾವಿದನಾಗಿದ್ದ. ಆ ವರ್ಷ 'ಬ್ರೀಝಿನ್' ಎಂಬ ಧ್ವನಿಮುದ್ರಿಕೆ ಲಕ್ಷಗಟ್ಟಲೆ ಮಾರಿಹೋಯಿತು. ಅಲ್ಲಿಂದ ಮುಂದೆ ಆತ ಬರಿಯ ಹಾಡುಗಾರ, ಪೇಟೆಗೆ ತಕ್ಕ ಸರಕು ಒದಗಿಸುವವ — ಇದು ಆ ಮಾತಿನ ತಾತ್ಪರ್ಯ. ಮಾತು ಜಾಝ್ ಲೋಕದ್ದಾದರೂ ಅದರ ಧಾಟಿ ನಮಗೆ ಅಪರಿಚಿತವೇನಲ್ಲ. ಹಲವು ಮುದ್ರಣ ಕಂಡಿತೆಂಬ ಒಂದೇ ಕಾರಣಕ್ಕೆ ಕಾದಂಬರಿಯನ್ನು ತೆರೆದು ನೋಡದೆ ಮೂಗು ಮುರಿಯುವ ವಿದ್ವಾಂಸರು ನಮ್ಮ ನಡುವೆಯೂ ಇದ್ದಾರೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಗಿಟಾರಿನ ಗೊಡವೆ ಏತಕ್ಕೆಂದು ಯಾರಾದರೂ ಕೇಳಿದರೆ, ಈ ಧಾಟಿಯ ಪರಿಚಯವೇ ನನ್ನನ್ನು ಅಲ್ಲಿಗೆ ಕರೆದೊಯ್ದಿತೆಂದು ಹೇಳಬಲ್ಲೆ.

ಆಪಾದನೆಯನ್ನು ತೂಗಬೇಕಾದರೆ ಮೊದಲು ಆತನ ಬಾಳಿನ ಮೊದಲ ಪುಟಗಳನ್ನು ತಿರುವಬೇಕು. ಬೆನ್ಸನ್ ಹುಟ್ಟಿದ್ದು ೧೯೪೩ರ ಮಾರ್ಚ್ ೨೨ರಂದು, ಉಕ್ಕಿನ ಕಾರ್ಖಾನೆಗಳ ಊರಾದ ಪಿಟ್ಸ್‌ಬರ್ಗಿನಲ್ಲಿ. ಏಳು ವರ್ಷದ ಹುಡುಗ ಬೀದಿಯ ಮೂಲೆಯ ಔಷಧದಂಗಡಿಯಲ್ಲಿ ಯೂಕಲೇಲಿ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯ ನುಡಿಸಿ ಒಂದಿಷ್ಟು ಡಾಲರು ಸಂಪಾದಿಸಿದ. ಎಂಟನೆಯ ವಯಸ್ಸಿಗೆ ಪರವಾನಗಿಯಿಲ್ಲದ ಒಂದು ರಾತ್ರಿ ಕ್ಲಬ್ಬಿನಲ್ಲಿ ಶುಕ್ರವಾರ ಶನಿವಾರಗಳಂದು ಗಿಟಾರು ಹಿಡಿದು ಕುಳಿತ. ಕೆಲವೇ ದಿನಗಳಲ್ಲಿ ಪೊಲೀಸರು ಆ ಕ್ಲಬ್ಬನ್ನು ಮುಚ್ಚಿಸಿದರು. ಆತನ ಮೊದಲ ಧ್ವನಿಮುದ್ರಿಕೆ ೧೯೫೪ರಲ್ಲಿ, ಇನ್ನೂ ಮೀಸೆ ಮೂಡದ ಕಾಲದಲ್ಲೇ, ಹೊರಬಂದಿತು. ಗಮನಿಸಬೇಕಾದ ಸಂಗತಿಯೆಂದರೆ, ಅದರಲ್ಲಿ ಆತ ಬಂದದ್ದು ಬಾಲಗಾಯಕನಾಗಿ. ಗಿಟಾರುವಾದಕನೊಬ್ಬ ಹಣದಾಸೆಯಿಂದ ಗಾಯಕನಾದ ಎನ್ನುವ ಕಥೆಗೆ ಇಲ್ಲಿಯೇ ಮೊದಲ ಬಿರುಕು ಬಿಡುತ್ತದೆ.

ಗಿಟಾರಿನ ಕೀರ್ತಿ ಆಮೇಲಿನದು. ಆರ್ಗನ್‌ವಾದಕ ಜ್ಯಾಕ್ ಮೆಕ್‌ಡಫ್‌ನ ಮೇಳದಲ್ಲಿ ಪಳಗಿ, ೧೯೬೪ರಲ್ಲಿ ಸ್ವಂತ ಹೆಸರಿನಲ್ಲಿ ಮೊದಲ ಆಲ್ಬಮ್ ತಂದ. ಬಿಲ್ಲಿ ಹಾಲಿಡೇಯಂಥ ಗಾಯಕಿಯನ್ನು ಮುಂದೆ ತಂದ ಜಾನ್ ಹ್ಯಾಮಂಡ್ ಆತನನ್ನು ಕೊಲಂಬಿಯಾ ಕಂಪನಿಗೆ ಕರೆದುಕೊಂಡ. ೧೯೬೮ರಲ್ಲಿ ಮೈಲ್ಸ್ ಡೇವಿಸನ 'ಮೈಲ್ಸ್ ಇನ್ ದ ಸ್ಕೈ' ಆಲ್ಬಮಿನ ಒಂದು ರಚನೆಯಲ್ಲಿ ಗಿಟಾರು ನುಡಿಸಿದವನೂ ಈತನೇ. ಡೇವಿಸನಂಥ ಕಟುರುಚಿಯವನ ಪಕ್ಕದಲ್ಲಿ ಕೂರುವುದು ಸಾಮಾನ್ಯರಿಗೆ ದಕ್ಕುವ ಮಾತಲ್ಲ. ವಿಮರ್ಶಕರು ಕೊಂಡಾಡುವ ಬೆನ್ಸನ್ ಈ ಕಾಲದವನು. ಆದರೆ ೧೯೬೬ರ 'ಇಟ್ಸ್ ಅಪ್‌ಟೌನ್' ಆಲ್ಬಮಿನಲ್ಲೂ ಆತ ಹಾಡಿದ್ದಾನೆ; ಬೀಟಲ್ಸರ ಗೀತೆಗಳನ್ನೆತ್ತಿಕೊಂಡ ೧೯೭೦ರ 'ದಿ ಅದರ್ ಸೈಡ್ ಆಫ್ ಆಬಿ ರೋಡ್' ಆಲ್ಬಮಿನಲ್ಲೂ ಹಾಡಿದ್ದಾನೆ. ಆಗ ಕೊಳ್ಳುವವರು ಕಡಮೆಯಿದ್ದರು. ಆದುದರಿಂದ ಅದು ಅಪರಾಧವೆನಿಸಲಿಲ್ಲ!

ಇಲ್ಲಿ ವೆಸ್ ಮಾಂಟ್ಗಮರಿಯನ್ನು ನೆನೆಯದೆ ಮುಂದುವರಿಯಲಾಗದು. ಹೆಬ್ಬೆರಳಿನಿಂದಲೇ ತಂತಿ ಮೀಟಿ, ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸಿ ಗಿಟಾರಿಗೆ ಹೊಸ ದನಿ ಕೊಟ್ಟ ಮಹಾನುಭಾವ ಆತ. ದೊಡ್ಡ ಸಂಸಾರ; ಇಂಡಿಯಾನಾಪೊಲಿಸಿನಲ್ಲಿ ಹಗಲು ಕಾರ್ಖಾನೆಯ ದುಡಿಮೆ, ರಾತ್ರಿ ಕ್ಲಬ್ಬುಗಳಲ್ಲಿ ವಾದನ. ೧೯೬೭ರಲ್ಲಿ ನಿರ್ಮಾಪಕ ಕ್ರೀಡ್ ಟೇಲರ್ ಆತನಿಂದ ಜನಪ್ರಿಯ ಗೀತೆಗಳನ್ನು ಪಿಟೀಲುವೃಂದದ ನಡುವೆ ನುಡಿಸಿ ಮುದ್ರಿಸಿದಾಗ ಆತನಿಗೂ ಇದೇ ಬೈಗುಳ ಸಿಕ್ಕಿತು. ಮರುವರ್ಷ ಜೂನ್‌ನಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಹೋದ. ಅದೇ ವರ್ಷ ಟೇಲರ್ ನಿರ್ಮಿಸಿದ ಬೆನ್ಸನ್ನನ ಆಲ್ಬಮ್ ಹೊರಬಂದಿತು. ಒಬ್ಬನ ವಾದ್ಯದ ಮಾಧುರ್ಯ ಮಾತ್ರವಲ್ಲ, ಅದರ ಮೇಲಿನ ಆಪಾದನೆಯೂ ಇನ್ನೊಬ್ಬನಿಗೆ ಪಿತ್ರಾರ್ಜಿತವಾಗಿ ಬಂದಿತೆನ್ನಬೇಕು.

ಇನ್ನು 'ಬ್ರೀಝಿನ್'. ಟಾಮಿ ಲಿಪ್ಯೂಮಾ ನಿರ್ಮಿಸಿದ ಇದು ಅಮೆರಿಕದ ಜನಪ್ರಿಯ ಸಂಗೀತದ ಪಟ್ಟಿಯಲ್ಲೂ ಜಾಝಿನ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿತು. ಇದರಲ್ಲಿರುವುದು ಆರು ರಚನೆಗಳು. ಐದರಲ್ಲಿ ಹಾಡಿಲ್ಲ; ವಾದ್ಯ ಮಾತ್ರ. ಮಾತುಗಳಿರುವ ಹಾಡು ಒಂದೇ ಒಂದು, ಲಿಯನ್ ರಸೆಲ್ಲನ 'ದಿಸ್ ಮ್ಯಾಸ್ಕರೇಡ್'. ಎಂಟು ನಿಮಿಷದ ಈ ಹಾಡಿನ ಆರಂಭವನ್ನು ಗಮನವಿಟ್ಟು ಕೇಳಬೇಕು. ಬೆನ್ಸನ್ ಗಿಟಾರಿನಲ್ಲಿ ನುಡಿಸುವ ಸ್ವರಗಳನ್ನೇ ಅದೇ ಕ್ಷಣದಲ್ಲಿ ಅರ್ಥವಿಲ್ಲದ ಅಕ್ಷರಗಳಿಂದ ಹಾಡುತ್ತಾನೆ. ಅಕ್ಷರಗಳಿಂದ ಹೀಗೆ ಹಾಡುವುದನ್ನು ಜಾಝಿನವರು ಸ್ಕ್ಯಾಟ್ ಎನ್ನುತ್ತಾರೆ, ಪದ್ಧತಿ ಹಳೆಯದು. ಆದರೆ ಆಗಿಂದಾಗ ಹುಟ್ಟಿಕೊಳ್ಳುವ ವೇಗದ ಸ್ವರಪಂಕ್ತಿಯನ್ನು ಕಂಠ ಬೆರಳುಗಳೆರಡರಿಂದಲೂ ಕೂದಲೆಳೆಯ ಅಂತರವಿಲ್ಲದೆ ಹೊರಡಿಸುವುದು ಬೇರೆಯೇ ವಿದ್ಯೆ. ವೀಣೆ ನುಡಿಸುತ್ತ ತಾವೂ ಹಾಡಿಕೊಳ್ಳುವ ವೈಣಿಕರನ್ನು ಕೇಳಿದವರಿಗೆ ಇದರ ಕಷ್ಟ ಬೇಗ ತಿಳಿದೀತು.

ಇದನ್ನು ಕೆಲವರು ಸಭೆಯನ್ನು ರಂಜಿಸುವ ಗಾರುಡಿಯೆಂದು ತಳ್ಳಿಹಾಕುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ವಾದ್ಯಗಾರನಿಗೆ ಇರುವ ದೊಡ್ಡ ಅಪಾಯ ಬೆರಳಿನ ಅಭ್ಯಾಸವೇ ಆಗಿದೆ. ಸಾಧನೆ ಬಲಿತಂತೆ ಬೆರಳುಗಳು ಮನಸ್ಸನ್ನು ಕೇಳದೆ ತಾವೇ ಓಡತೊಡಗುತ್ತವೆ; ಕೇಳುವವರಿಗೆ ಸ್ವರಗಳ ಮಳೆ, ನುಡಿಸುವವನ ಒಳಗೆ ನಿದ್ದೆ. ಹಾಗೆ ತಾನಾಗಿ ಉದುರಿದ ಸ್ವರವನ್ನು ಕಂಠ ಹಿಡಿಯಲಾರದು. ಮನಸ್ಸಿನಲ್ಲಿ ಮೊದಲು ಕೇಳಿಸಿದ ಸ್ವರವನ್ನು ಮಾತ್ರ ಅದು ಹಾಡಬಲ್ಲದು. ಆದುದರಿಂದ ಬೆನ್ಸನ್ನನ ಕಂಠ ಆತನ ಗಿಟಾರಿಗೆ ಕಾವಲು ನಿಂತಿದೆ. ಯಾವುದನ್ನು ಪೇಟೆಯ ಆಮಿಷವೆಂದು ಹಳಿದರೋ ಅದೇ ಆತನ ವಾದನದ ಶಿಸ್ತು. ೧೯೭೮ರಲ್ಲಿ ಬಂದ 'ವೀಕೆಂಡ್ ಇನ್ ಎಲ್.ಎ.' ಕಚೇರಿಯ ಮುದ್ರಿಕೆಯಲ್ಲಿ 'ಆನ್ ಬ್ರಾಡ್‌ವೇ' ಹಾಡನ್ನು ಕೇಳಿದವರಿಗೆ ಇದು ಇನ್ನೂ ಸ್ಪಷ್ಟವಾಗುತ್ತದೆ.

ನಮ್ಮ ಆಲಂಕಾರಿಕರು ಕಾವ್ಯಕ್ಕೆ ಮೂರು ಗುಣಗಳನ್ನು ಹೇಳಿದರು: ಮಾಧುರ್ಯ, ಓಜಸ್ಸು, ಪ್ರಸಾದ. ಓಜಸ್ಸು ವೀರ ರೌದ್ರಗಳಿಗೆ ಸಲ್ಲತಕ್ಕದ್ದು. ಮಾಧುರ್ಯ ಶೃಂಗಾರ ಕರುಣಗಳಿಗೆ. ಪ್ರಸಾದ ಎಲ್ಲ ರಸಗಳಿಗೂ. ಒಣ ಕಟ್ಟಿಗೆಯನ್ನು ಬೆಂಕಿ ವ್ಯಾಪಿಸುವಂತೆ ಪ್ರಸಾದ ಚಿತ್ತವನ್ನು ಒಡನೆಯೇ ವ್ಯಾಪಿಸುತ್ತದೆಂಬ ಹೋಲಿಕೆಯೂ ಉಂಟು. ಜಾಝ್ ವಿಮರ್ಶಕರಿಗೆ ಪ್ರಿಯವಾದದ್ದು ಓಜಸ್ಸು: ಬಿರುಸು, ಗಡುಸು, ಕೇಳುವವನನ್ನು ಕೆಣಕುವ ಕರ್ಕಶ. ಅದು ದೊಡ್ಡದೇ ಸರಿ. ಆದರೆ ಮುಖವಾಡ ಹೊತ್ತು ಬಾಳುವ ಇಬ್ಬರು ಪ್ರೇಮಿಗಳ ಬಳಲಿಕೆಯನ್ನು ಹೇಳುವ ಹಾಡಿಗೆ ಓಜಸ್ಸು ತರುವುದು ರಸಾಭಾಸ. ಅಲ್ಲಿ ಬೆನ್ಸನ್ ಸ್ವರವನ್ನು ದುಂಡಗೆ ಮೀಟಿ, ದನಿಯನ್ನು ತಗ್ಗಿಸಿಯೇ ಹಾಡಿದ್ದಾನೆ. ಅದು ಔಚಿತ್ಯವರಿತ ನಡೆ.

ಹಾಗೆಂದು ಆಪಾದನೆ ಪೂರ್ತಿ ಸುಳ್ಳೆಂದು ವಾದಿಸುವ ವಕೀಲಿ ನನಗೆ ಬೇಡ. ೧೯೮೦ರಲ್ಲಿ ಕ್ವಿನ್ಸಿ ಜೋನ್ಸ್ ನಿರ್ಮಿಸಿದ 'ಗಿವ್ ಮಿ ದ ನೈಟ್' ಬಹಳ ಚೆಂದದ ಆಲ್ಬಮ್. ಆದರೆ ಅಲ್ಲಿ ಗಿಟಾರು ಮನೆಯ ಯಜಮಾನಿಕೆ ಬಿಟ್ಟು ನೆಂಟನಂತೆ ಬಂದು ಹೋಗುತ್ತದೆ. ಕಂಠವೂ ತಂತಿಯೂ ಬೇರೆಬೇರೆಯಾದವು. ಮುಂದಿನ ಕೆಲವು ವರ್ಷಗಳ ಹಾಡುಗಳಲ್ಲಿ, ಬೇರಾವ ಒಳ್ಳೆಯ ಗಾಯಕ ಹಾಡಿದ್ದರೂ ನಡೆಯುತ್ತಿತ್ತೆನಿಸುವ ಕಡೆಗಳು ಹಲವಿವೆ. ನನ್ನ ದೂರು ಇಷ್ಟು: ಆತ ಹಾಡಿದ್ದು ತಪ್ಪಲ್ಲ, ಗಿಟಾರನ್ನು ಬದಿಗಿಟ್ಟು ಹಾಡಿದ್ದು ನಷ್ಟ. ಆ ದಶಕದ ಕೊನೆಗೆ ಅಮೆರಿಕದ ಬಾನುಲಿ ಕೇಂದ್ರಗಳು 'ಸ್ಮೂತ್ ಜಾಝ್' ಎಂಬ ಹೆಸರಿನಡಿಯಲ್ಲಿ ಕಿವಿಗೆ ಬಿದ್ದರೂ ಬೀಳದಂತಿರುವ ಸಂಗೀತವನ್ನು ಹಗಲಿರುಳು ಹರಿಸತೊಡಗಿದಾಗ, ಅದರ ಮೂಲಪುರುಷರಲ್ಲಿ ಬೆನ್ಸನ್ನನ ಹೆಸರೂ ಸೇರಿತು. ಅನುಕರಿಸಿದವರು ನಯವನ್ನು ತೆಗೆದುಕೊಂಡರು, ಎಚ್ಚರವನ್ನು ಬಿಟ್ಟರು. ಅದರ ಹೊಣೆಯನ್ನು ಆತನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆತ ಸ್ವತಃ ಎಚ್ಚರ ಬಿಟ್ಟಿರಲಿಲ್ಲವೆಂಬುದಕ್ಕೆ ೧೯೮೯ರ 'ಟೆಂಡರ್ಲಿ' ಸಾಕ್ಷಿ. ಜಾನ್ ಕೋಲ್ಟ್ರೇನನ ಜೊತೆಗಾರನಾಗಿದ್ದ ಪಿಯಾನೋವಾದಕ ಮೆಕಾಯ್ ಟೈನರ್ ಅದರಲ್ಲಿದ್ದಾನೆ. ಓಜಸ್ಸಿಗೆ ಹೆಸರಾದ ಆ ಟೈನರನ ಎದುರು ಬೆನ್ಸನ್ ದನಿಯೇರಿಸುವುದಿಲ್ಲ, ಅಳುಕುವುದೂ ಇಲ್ಲ. 'ಬ್ರೀಝಿನ್' ಕೇಳಿ ಮೂಗು ಮುರಿದವರೂ, ಅದನ್ನೊಂದನ್ನೇ ಕೇಳಿ ತಣಿದವರೂ ಇದನ್ನು ಒಮ್ಮೆ ಕೇಳಬಹುದು.