ಪ್ರಶ್ನಾವಳಿಗೆ ಸಿಗದ ಆಲೆಮನೆ

ಉದ್ಯಮಶೀಲತೆಯ ಬಗ್ಗೆ ನಮ್ಮಲ್ಲಿ ಸಂಶೋಧನೆ ಸೊರಗಿದೆ ಎನ್ನುವವರೆಲ್ಲ ಕೊಡುವ ಕಾರಣಗಳು ಒಂದೇ: ಅಂಕಿಅಂಶವಿಲ್ಲ, ಅನುದಾನವಿಲ್ಲ, ಹೊರದೇಶದ ಜರ್ನಲ್‌ಗಳು ನಮ್ಮನ್ನು ಸೇರಿಸುವುದಿಲ್ಲ. ಮಂಡ್ಯ ಜಿಲ್ಲೆಯ ಮಟ್ಟಿಗೆ ಈ ಮಾತನ್ನು ನಾನು ಒಪ್ಪಲಾರೆ. ಇಲ್ಲಿ ಕೆಟ್ಟಿರುವುದು ನೋಟ.

ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು. ಪುಸ್ತಕ 1962ರಲ್ಲಿ ಬಂತು. ಹಳ್ಳಿಗಳಿಗೆ ಅವರಿಟ್ಟ ಮರೆಹೆಸರು ವಂಗಲ ಮತ್ತು ದಲೇನ. ವಂಗಲಕ್ಕೆ ನಾಲೆ ನೀರು ಹರಿಯಿತು, ದಲೇನ ಒಣಗಿಯೇ ಉಳಿಯಿತು. ತರಗತಿಗಳಲ್ಲಿ ಆ ಪುಸ್ತಕ ಒಂದೇ ಸಾಲಿಗೆ ಇಳಿದಿದೆ: ನೀರು ಸಿಕ್ಕವರು ಬೇಸಾಯಕ್ಕೆ ಅಂಟಿಕೊಂಡರು, ಸಿಗದವರು ಉದ್ಯಮಿಗಳಾದರು.

ನನ್ನ ಜಗಳ ಈ ಸಾಲಿನೊಂದಿಗೆ. ದಲೇನದವರು ಕೆಲಸ, ವ್ಯಾಪಾರ ಹುಡುಕಿಕೊಂಡು ಹೋದ ಮಂಡ್ಯವನ್ನು ಬೆಳೆಸಿದ್ದು 1933ರಲ್ಲಿ ಹುಟ್ಟಿದ ಮೈಷುಗರ್ ಸಕ್ಕರೆ ಕಾರ್ಖಾನೆ. ಅದನ್ನು ನಡೆಸಿದ್ದು ಕನ್ನಂಬಾಡಿ ನೀರಲ್ಲಿ ಬೆಳೆದ ಕಬ್ಬು. ಒಣ ಊರಿಗೆ ಪಕ್ಕದೂರಿನ ನೀರೇ ಬಂಡವಾಳವಾಯಿತು. ಬರ ಉದ್ಯಮಿಯನ್ನು ಹುಟ್ಟಿಸುವುದಾದರೆ ಬಯಲುಸೀಮೆಯ ಎಲ್ಲ ಊರೂ ದಲೇನವಾಗಬೇಕಿತ್ತು. ಎಪ್‌ಸ್ಟೀನ್ ಈ ನಂಟನ್ನು ಬಲ್ಲವರೇ, ಬರೆದವರೇ. ಆದರೆ ಸಾಲ ತಂದು ಕಬ್ಬಿಗಿಳಿದ ವಂಗಲದ ರೈತನ ಎದೆಗಾರಿಕೆಗೆ ಅವರೂ ಸಲ್ಲಬೇಕಾದಷ್ಟು ಬೆಲೆ ಕೊಡಲಿಲ್ಲ ಎಂದೇ ನನ್ನ ಓದು.

ಮದ್ದೂರು ವಡೆಯ ಕಥೆಯನ್ನೂ ನಾವು ಹೀಗೇ ಕುಗ್ಗಿಸಿದ್ದೇವೆ. 1917, ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ, ಬೇಗ ಬಂದುಬಿಟ್ಟ ರೈಲು, ಒಬ್ಬನ ಚುರುಕು ಬುದ್ಧಿ. ಬೆಂಗಳೂರು–ಮೈಸೂರು ದಾರಿಯ ಹಸಿದ ಪ್ರಯಾಣಿಕರು ಅದರಲ್ಲಿ ಬರುವುದೇ ಇಲ್ಲ.

ಹೀಗೆ ಎಲ್ಲವನ್ನೂ ವ್ಯಕ್ತಿಯ ಗುಣವಾಗಿ ಕಾಣುವ ಚಾಳಿಗೆ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್‌ರ ಸಾಧನೆಯ ಹಂಬಲದ ಸಿದ್ಧಾಂತ ಬಲ ಕೊಟ್ಟಿತು. ಅಲ್ಲಿಂದೀಚೆಗೆ ಪ್ರಬಂಧಗಳಿಗೆ ಒಂದು ಸಿದ್ಧ ಮಾದರಿ: ನೋಂದಣಿ ಪಟ್ಟಿಯಿಂದ ನೂರು ಹೆಸರು, ಐದು ಅಂಕದ ಸ್ಕೇಲ್, ಕೊನೆಗೆ ಸಲಹೆಗಳು.

ಮದ್ದೂರು ಕಡೆಯ ಒಂದು ಆಲೆಮನೆಯಲ್ಲಿ ನಿಂತು ನೋಡಿದ್ದೇನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಪಾಕ ನೋಡುವವನು ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, “ಇಳಿಸ್ರಪ್ಪಾ” ಅಂದ. ಒಂದು ಕ್ಷಣ ತಡವಾಗಿದ್ದರೂ ಅಷ್ಟೂ ಬೆಲ್ಲ ಸೀಯುತ್ತಿತ್ತು. ಆಲೆಮನೆ ನಡೆಸುವಾತನಿಗೆ ಜಾಗ ಗುತ್ತಿಗೆಯದು, ಕಬ್ಬು ಅಕ್ಕಪಕ್ಕದವರದು. ಉತ್ತರ ಪ್ರದೇಶದಿಂದ ಬಂದ ಆಳುಗಳಿಗೆ ಕೊಟ್ಟ ಮುಂಗಡ ಮಂಡಿಯವರ ಸಾಲ. ಬೆಲ್ಲವೂ ಅದೇ ಮಂಡಿಗೆ. ಇಷ್ಟು ಜನರಲ್ಲಿ ಉದ್ಯಮಿ ಯಾರು? ಪ್ರಶ್ನಾವಳಿ ‘ಮಾಲೀಕರ ಹೆಸರು’ ಎಂದು ಶುರುವಾಗುತ್ತದೆ. ಮಳವಳ್ಳಿಯ ರೇಷ್ಮೆ ಹುಳುಮನೆಯಲ್ಲೂ ಅಷ್ಟೇ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುಗಳಿಗೆ ರಾತ್ರಿ ಎದ್ದು ಸೊಪ್ಪು ಹಾಕಿದವಳು ಹೆಂಡತಿ, ರಾಮನಗರದ ಗೂಡಿನ ಮಾರುಕಟ್ಟೆಯ ಚೀಟಿಯಲ್ಲಿರುವುದು ಗಂಡನ ಹೆಸರು. ಮಹಿಳಾ ಉದ್ಯಮಿಗಳ ಪಟ್ಟಿಯಲ್ಲಿ ಅವಳನ್ನು ಹುಡುಕಿದರೆ ಸಿಗಳು.

ಅಳತೆಯಿಲ್ಲದೆ ಹೋಲಿಕೆ ಹೇಗೆ, ಇದೆಲ್ಲ ಕಥೆಯಾಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾದರೆ ಅಳೆಯಿರಿ: ಮುಂಗಡವೆಷ್ಟು, ಮಂಡಿಯ ಬಡ್ಡಿಯೆಷ್ಟು, ಒಲೆ ಉರಿದ ದಿನಗಳೆಷ್ಟು. ಎಪ್‌ಸ್ಟೀನ್ ಮನೆಮನೆಯ ಲೆಕ್ಕ ಬರೆದುಕೊಂಡವರು. 1970ರಲ್ಲಿ ಅದೇ ಎರಡು ಊರುಗಳಿಗೆ ಮತ್ತೆ ಬಂದರು. ಪದವಿ ಕೈಗೆ ಬಂದ ಮೇಲೆ, ತಾನು ಪ್ರಶ್ನಾವಳಿ ತುಂಬಿಸಿಕೊಂಡ ಆಲೆಮನೆ ಈ ವರ್ಷವೂ ಒಲೆ ಹಚ್ಚಿತೇ ಎಂದು ಹೋಗಿ ಕೇಳಿದ ಸಂಶೋಧಕರನ್ನು ನಾನಿನ್ನೂ ಕಂಡಿಲ್ಲ.