ಪಟ್ಟಿ ಬೆಳೆದರೆ ಸಾಕೇ?

ಬೇರೆ ಬೇರೆ ವಿಡಿಯೋ ಗೇಮ್‌ಗಳ ಪಾತ್ರಗಳು ಒಂದೇ ಕಣದಲ್ಲಿ ಕಾದಾಡುವ ನಿಂಟೆಂಡೋದ ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ 1999ರಲ್ಲಿ 12 ಮಂದಿಯೊಂದಿಗೆ ಶುರುವಾಯಿತು. 2018ರ ‘ಅಲ್ಟಿಮೇಟ್’ ಹಳಬರನ್ನೆಲ್ಲ ಮರಳಿ ಕರೆಸಿತು. 2021ರಲ್ಲಿ ಕೊನೆಯವನಾಗಿ ಸೋರಾ ಸೇರುವಾಗ ಸಂಖ್ಯೆ 80 ದಾಟಿತ್ತು.

ಇದಕ್ಕಿಂತ ಉದ್ದದ ಪಟ್ಟಿ ನನಗೆ ಬೇಡ. ಸರಣಿ ನಿಜಕ್ಕೂ ಬೆಳೆದದ್ದು 2020ರಲ್ಲಿ ‘ಮೈನ್‌ಕ್ರಾಫ್ಟ್’ನ ಸ್ಟೀವ್ ಬಂದಾಗ. ಹೊಡೆದಾಟದ ನಡುವೆಯೇ ಅವನು ನೆಲ ಅಗೆಯುತ್ತಾನೆ, ಕಟ್ಟೆ ಕಟ್ಟುತ್ತಾನೆ. ಅವನೊಬ್ಬನಿಗಾಗಿ ನಿರ್ದೇಶಕ ಮಸಾಹಿರೊ ಸಕುರಾಯ್ ಅವರ ತಂಡ ಎಲ್ಲ ಕಣಗಳನ್ನೂ ತಿದ್ದಬೇಕಾಯಿತು.

ಮುಂದಿನ ಆಟ ಅರ್ಧ ಪಾತ್ರಗಳನ್ನು ಕೈಬಿಡಲಿ. ಒಂದೇ ಪಾತ್ರವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ ಇದು ನಷ್ಟವೇ, ಒಪ್ಪುತ್ತೇನೆ. ಆದರೆ ಉಳಿದವರು ಸ್ಟೀವ್‌ನಂತೆ ತಮ್ಮ ಲೋಕದ ನಿಯಮವನ್ನೂ ಹೊತ್ತು ತಂದರೆ, ಆ ನಷ್ಟಕ್ಕೆ ಅರ್ಥ ಬರುತ್ತದೆ.